ಸೂರ್ಯನ ಕಲೆ: ಕಂಪ್ಯೂಟರ್ ಭವಿಷ್ಯ ಎಷ್ಟು ನಂಬಬಹುದು?

ಈಶ್ವರಮಂಗಲ: ಹಿಂದಿನ ಮಳೆಗಾಲಗಳ ಲೆಕ್ಕದ ಪುಸ್ತಕ ನೋಡಿದರೆ ಈ ಸಲ ಎಷ್ಟು ಕೊಡೆ ತರಿಸಬೇಕು ಅಂತ ಅಂಗಡಿಯವರಿಗೆ ಅಂದಾಜು ಸಿಗ್ತದೆ. ಮಷಿನ್ ಲರ್ನಿಂಗ್ ಅಂದರೂ ಹೆಚ್ಚುಕಮ್ಮಿ ಅದೇ. ಹಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ಮುಂದಿನದ್ದನ್ನು ಹೇಳಿಸುವುದು.

ಸೂರ್ಯನ ಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಕಲೆ ಹೆಚ್ಚಿದ್ದಾಗ ಸೌರ ಬಿರುಗಾಳಿಯೂ ಜಾಸ್ತಿ. 2024ರ ಮೇ ತಿಂಗಳ ಬಿರುಗಾಳಿಗೆ ಅಮೆರಿಕದಲ್ಲಿ ಜಿಪಿಎಸ್ ನಂಬಿದ ಟ್ರ್ಯಾಕ್ಟರ್‌ಗಳು ಬಿತ್ತನೆ ಮಧ್ಯೆಯೇ ನಿಂತವು. ನಮ್ಮ ಲಡಾಖಿನ ಹಾನ್ಲೆಯಲ್ಲಿ ಕ್ಯಾಮರಾಗಳಿಗೆ ರಾತ್ರಿಯ ಆಕಾಶ ಕೆಂಪಾಗಿ ಕಂಡಿತು.

ಈಗಿನದ್ದು 25ನೇ ಚಕ್ರ. ಗರಿಷ್ಠ ಕಲೆಸಂಖ್ಯೆ 115ರ ಆಸುಪಾಸು, ಅದೂ 2025ರಲ್ಲಿ ಅಂತ ತಜ್ಞರ ಸಮಿತಿ 2019ರಲ್ಲಿ ಹೇಳಿತ್ತು. ಆದದ್ದು 2024ರಲ್ಲೇ, ಸುಮಾರು 160! ಕಂಪ್ಯೂಟರಿಗೂ ಇಲ್ಲೇ ಕಷ್ಟ ಉಂಟು. 1755ರಿಂದ ಲೆಕ್ಕ ಹಾಕಿದರೂ ಮುಗಿದ ಚಕ್ರ ಬರೇ 24. ಅಷ್ಟರಲ್ಲಿ ಕಲಿಯುವುದೆಷ್ಟು?

ಹಾಗಾಗಿ ಹಳೆಯ ದಾಖಲೆಗೆ ಬೆಲೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ತೆಗೆದ ಸೂರ್ಯನ ಫೋಟೊಗಳು ಈಗ ಡಿಜಿಟಲ್ ಆಗಿವೆ. ಅವುಗಳಲ್ಲಿ ಕಲೆ ಹುಡುಕುವುದನ್ನೂ ಕಂಪ್ಯೂಟರಿಗೆ ಕಲಿಸಬಹುದು.

ಅಂದಹಾಗೆ, ಅಡಿಕೆಗೆ ಮದ್ದು ಬಿಡಲು ನಾಳೆ ಮಳೆ ಬಿಡ್ತದಾ ಅಂತ ಇದರಲ್ಲಿ ಗೊತ್ತಾಗುವುದಿಲ್ಲ. ಅದು ಬೇರೆಯೇ ಲೆಕ್ಕ.