ನಿಮಗಿದು ಗೊತ್ತೇ? ಕವಿಗಳು ನಡೆದ ವೈ ಕಣಿವೆ

ವೇಲ್ಸ್‌ನ ಬೆಟ್ಟಗಳಲ್ಲಿ ಹುಟ್ಟಿ ಇಂಗ್ಲೆಂಡಿನ ಗಡಿಯುದ್ದಕ್ಕೂ ಸುಳಿದಾಡುವ ವೈ ನದಿಯ ಉದ್ದ ಸುಮಾರು 250 ಕಿಲೋಮೀಟರ್. ಅದರ ದಡದಲ್ಲಿ ನಡೆದವರು ಬರೆದ ಪುಟಗಳಿಂದಾಗಿ ಈ ಕಣಿವೆ ಇಂದಿಗೂ ನಡಿಗೆಪ್ರಿಯರನ್ನು ಕರೆಯುತ್ತಿದೆ. ನದಿ ಹರಿಯುವ ದಿಕ್ಕಿನಲ್ಲೇ ನಾವೂ ಹೊರಡೋಣ.

● ವೈ ಹುಟ್ಟುವ ಪ್ಲಿನ್‌ಲಿಮನ್ ಬೆಟ್ಟದಲ್ಲೇ ಸೆವರ್ನ್ ನದಿಯೂ ಹುಟ್ಟುತ್ತದೆ. ಬೇರೆ ಬೇರೆ ದಾರಿ ಹಿಡಿದ ಎರಡೂ ಚೆಪ್‌ಸ್ಟೋ ಪಟ್ಟಣ ದಾಟಿದ ಮೇಲೆ ಕೂಡುತ್ತವೆ, ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ನಮ್ಮ ತುಂಗೆ-ಭದ್ರೆಯರ ಹಾಗೆ.

● ಕಣಿವೆಯುದ್ದಕ್ಕೂ ಸಾಗುವ ಕಾಲುದಾರಿಯ ಹೆಸರು ‘ವೈ ವ್ಯಾಲಿ ವಾಕ್’. ಉದ್ದ ಸುಮಾರು 219 ಕಿಲೋಮೀಟರ್. ದಾರಿ ತಪ್ಪದಂತೆ ಅಲ್ಲಲ್ಲಿ ನೆಟ್ಟ ಗುರುತಿನ ಮೇಲೆ ಜಿಗಿಯುವ ಸಾಲ್ಮನ್ ಮೀನಿನ ಚಿತ್ರವಿರುತ್ತದೆ.

● ಕ್ಲೈರೋ ಹಳ್ಳಿಯ ಕಿರಿಯ ಪಾದ್ರಿ ಫ್ರಾನ್ಸಿಸ್ ಕಿಲ್ವರ್ಟ್ ಹಳ್ಳಿಯಿಂದ ಹಳ್ಳಿಗೆ ನಡೆದು, ಕಂಡದ್ದನ್ನೆಲ್ಲ 1870ರಿಂದ ದಿನಚರಿಯಲ್ಲಿ ಬರೆದಿಟ್ಟರು. 1879ರಲ್ಲಿ, ಮದುವೆಯಾದ ಕೆಲವೇ ವಾರಗಳಲ್ಲಿ, 38ನೇ ವಯಸ್ಸಿಗೆ ತೀರಿಕೊಂಡರು. ದಿನಚರಿಯ ಆಯ್ದ ಭಾಗಗಳು 1938ರಿಂದ 1940ರ ನಡುವೆ ಅಚ್ಚಾದವು. ಆಮೇಲೆ ಮೂಲ ಹಸ್ತಪ್ರತಿಗಳಲ್ಲಿ ಹೆಚ್ಚಿನವನ್ನು ಬಂಧುವೊಬ್ಬರು ನಾಶಮಾಡಿದರು. ಮೂರು ಪುಸ್ತಕಗಳು ಮಾತ್ರ ಉಳಿದಿವೆ.

● ಪಕ್ಕದ ಹೇ-ಆನ್-ವೈ ಹಳೆಯ ಪುಸ್ತಕದಂಗಡಿಗಳ ಊರು. ಅದನ್ನು ಹಾಗೆ ಬೆಳೆಸಿದ ರಿಚರ್ಡ್ ಬೂತ್, 1977ರ ಏಪ್ರಿಲ್ 1ರಂದು ಊರನ್ನು ಸ್ವತಂತ್ರ ರಾಜ್ಯವೆಂದೂ ತನ್ನನ್ನು ಅದರ ರಾಜನೆಂದೂ ಘೋಷಿಸಿಕೊಂಡರು. 1988ರಲ್ಲಿ ಇಲ್ಲಿ ಆರಂಭವಾದ ಸಾಹಿತ್ಯೋತ್ಸವ ಇಂದು ಜಗತ್ಪ್ರಸಿದ್ಧ.

● ವಿಲಿಯಂ ಗಿಲ್ಪಿನ್ 1770ರಲ್ಲಿ ರಾಸ್ ಪಟ್ಟಣದಿಂದ ಕೆಳಕ್ಕೆ ದೋಣಿಯಲ್ಲಿ ಸಾಗಿ, 1782ರಲ್ಲಿ ತಮ್ಮ ಪ್ರವಾಸದ ಪುಸ್ತಕ ಪ್ರಕಟಿಸಿದರು. ನಿಸರ್ಗವನ್ನು ಚಿತ್ರದಂತೆ ನೋಡುವುದನ್ನು ಅದು ಓದುಗರಿಗೆ ಕಲಿಸಿತು. ಫ್ರಾನ್ಸ್‌ನೊಂದಿಗಿನ ಯುದ್ಧದಿಂದ ಯುರೋಪ್ ಪ್ರವಾಸ ಕಷ್ಟವಾದಾಗ ಜನ ಆ ಪುಸ್ತಕ ಹಿಡಿದು ವೈ ಕಡೆಗೆ ಹೊರಟರು.

● 1793ರಲ್ಲಿ 23ರ ಹರೆಯದ ಕವಿ ವರ್ಡ್ಸ್‌ವರ್ತ್ ಒಬ್ಬರೇ ಈ ಕಡೆ ಅಲೆಯುತ್ತ ಗುಡ್‌ರಿಚ್ ಕೋಟೆಯ ಬಳಿ ಒಬ್ಬ ಪುಟ್ಟ ಹುಡುಗಿಯನ್ನು ಕಂಡರು. ‘ವಿ ಆರ್ ಸೆವೆನ್’ ಕವಿತೆಗೆ ಅವಳೇ ಪ್ರೇರಣೆ.

● ಆರ್ಥರ್ ದೊರೆಯ ಕಥೆಯನ್ನು 12ನೇ ಶತಮಾನದಲ್ಲಿ ಲ್ಯಾಟಿನ್‌ನಲ್ಲಿ ಬರೆದು ಯುರೋಪಿಗೆಲ್ಲ ಹಬ್ಬಿಸಿದ ಜೆಫ್ರಿಯ ಹೆಸರಿನೊಂದಿಗೆ ಸೇರಿಕೊಂಡ ಊರು ಮಾನ್ಮತ್. ಅದೂ ವೈ ದಡದಲ್ಲೇ ಇದೆ.

● ಟಿನ್‌ಟರ್ನ್‌ನ ಕ್ರೈಸ್ತ ಮಠ ಸ್ಥಾಪನೆಯಾದದ್ದು 1131ರಲ್ಲಿ. 1536ರಲ್ಲಿ ಎಂಟನೇ ಹೆನ್ರಿಯ ಆಳ್ವಿಕೆಯಲ್ಲಿ ಮಠ ಮುಚ್ಚಿತು. ಚಾವಣಿಯ ಸೀಸವನ್ನೂ ಕಿತ್ತೊಯ್ದರು. ಆ ಪಾಳು ಗೋಡೆಗಳನ್ನೇ ಹದಿಹರೆಯದ ಚಿತ್ರಕಾರ ಟರ್ನರ್ 1792ರಲ್ಲಿ ನೋಡಿ, ಮುಂದೆ ಜಲವರ್ಣದಲ್ಲಿ ಚಿತ್ರಿಸಿದರು.

● ವರ್ಡ್ಸ್‌ವರ್ತ್ 1798ರ ಜುಲೈನಲ್ಲಿ ತಂಗಿ ಡೊರೊತಿಯೊಂದಿಗೆ ಮತ್ತೆ ಬಂದರು. ಟಿನ್‌ಟರ್ನ್ ಬಿಟ್ಟು ಹೊರಟಾಗ ಕವಿತೆ ಕಟ್ಟತೊಡಗಿ, ಬ್ರಿಸ್ಟಲ್ ಮುಟ್ಟುವಷ್ಟರಲ್ಲಿ ಮುಗಿಸಿದರು. ಅಲ್ಲಿಯವರೆಗೂ ಒಂದು ಸಾಲನ್ನೂ ಕಾಗದಕ್ಕಿಳಿಸಿರಲಿಲ್ಲ! ಅದೇ ವರ್ಷ ಹೊರಬಂದ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಕೊನೆಯ ಕವಿತೆ ಅದು. ಸಂಕಲನದ ಮೇಲೆ ಮಾತ್ರ ಕವಿಗಳ ಹೆಸರೇ ಇರಲಿಲ್ಲ.

● ಕವಿತೆಯ ಶೀರ್ಷಿಕೆಯಲ್ಲಿ ಟಿನ್‌ಟರ್ನ್ ಮಠದ ಹೆಸರಿದೆ, ಒಳಗೆ ಮಠದ ಮಾತೇ ಇಲ್ಲ. ಆ ಕಾಲಕ್ಕೆ ಮಠದ ಆಸುಪಾಸಿನಲ್ಲಿ ಕಬ್ಬಿಣದ ಕುಲುಮೆಗಳು ಉರಿಯುತ್ತಿದ್ದವು. ಅವುಗಳಿಗೆ ಬೇಕಾದ ಇದ್ದಿಲನ್ನು ಸುತ್ತಲಿನ ಕಾಡಿನಲ್ಲೇ ಸುಡುತ್ತಿದ್ದರು.

● ಎದುರು ದಂಡೆಯ ಎತ್ತರದಲ್ಲಿ ‘ಡೆವಿಲ್ಸ್ ಪಲ್ಪಿಟ್’ ಎಂಬ ಬಂಡೆಯಿದೆ. ಸೈತಾನ ಅದರ ಮೇಲೆ ನಿಂತು ಕೆಳಗಿನ ಸನ್ಯಾಸಿಗಳನ್ನು ದಾರಿ ತಪ್ಪಿಸಲು ಉಪದೇಶ ಮಾಡುತ್ತಿದ್ದನಂತೆ. ಮಠದ ಅತ್ಯುತ್ತಮ ನೋಟ ಸಿಗುವುದು ಇಲ್ಲಿಂದಲೇ.

● ಚೆಪ್‌ಸ್ಟೋ ಬಳಿ ಸಮುದ್ರದ ಉಬ್ಬರವಿಳಿತಗಳ ಅಂತರ ಸುಮಾರು 14 ಮೀಟರ್ ಮುಟ್ಟುವುದುಂಟು. ಜಗತ್ತಿನ ಅತಿ ದೊಡ್ಡ ಅಂತರಗಳಲ್ಲಿ ಇದೂ ಒಂದು. ಉಬ್ಬರದ ನೀರು ಟಿನ್‌ಟರ್ನ್ ದಾಟಿ ಮೇಲಕ್ಕೇರುತ್ತದೆ.

● ಇಷ್ಟೆಲ್ಲ ಬರೆಸಿಕೊಂಡ ನದಿಯ ಆರೋಗ್ಯ ಈಗ ಕೆಟ್ಟಿದೆ. ಜಲಾನಯನ ಪ್ರದೇಶದಲ್ಲಿ ಸುಮಾರು 2 ಕೋಟಿ ಕೋಳಿಗಳಿವೆ. ಅವುಗಳ ಗೊಬ್ಬರದ ರಂಜಕಾಂಶ ಹೊಲಗಳಿಂದ ಹೊಳೆ ಸೇರಿ ಪಾಚಿ ಬೆಳೆಸುತ್ತದೆ. ಪಾಚಿ ಬೆಳಕನ್ನು ತಡೆದು ನೀರಿನೊಳಗಿನ ಸಸ್ಯಗಳನ್ನು ಕೊಲ್ಲುತ್ತದೆ. 2023ರಲ್ಲಿ ಸರ್ಕಾರಿ ಸಂಸ್ಥೆ ‘ನ್ಯಾಚುರಲ್ ಇಂಗ್ಲೆಂಡ್’ ಈ ನದಿಯ ಸ್ಥಿತಿ ಹದಗೆಡುತ್ತಿದೆ ಎಂದು ಅಧಿಕೃತವಾಗಿ ದಾಖಲಿಸಿತು. ದಡದ ಊರುಗಳ ಸ್ವಯಂಸೇವಕರು ತಾವೇ ನೀರಿನ ಮಾದರಿ ತೆಗೆದು ಪರೀಕ್ಷಿಸುತ್ತಿದ್ದಾರೆ. ಕವಿತೆ ಓದಿ ನದಿಯನ್ನು ಮೆಚ್ಚಿದರಷ್ಟೇ ಸಾಲದು, ಅವರಂತೆ ಅದನ್ನು ಕಾಯಲೂ ಬೇಕು. ನಿಮ್ಮೂರಿನ ಹೊಳೆಗೂ ಈ ಮಾತು ಸಲ್ಲುತ್ತದೆ.