ಕಲ್ಲಿನ ಮೇಲಿನ ಗೆರೆ

ಆಚಾರ್ಯ ನೇಮಿಚಂದ್ರರು ಚಾವುಂಡರಾಯನ ನಿಮಿತ್ತ ರಚಿಸಿದ ‘ಗೊಮ್ಮಟಸಾರ’ದಲ್ಲಿ ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸಲಾಗಿದೆ. ನೀರಿನ ಮೇಲಿನ ಗೆರೆ ಎಳೆದ ಕ್ಷಣವೇ ಅಳಿಯುತ್ತದೆ. ಧೂಳಿನದು ಗಾಳಿಗೆ ಅಳಿಯುತ್ತದೆ, ನೆಲದ ಬಿರುಕು ಮಳೆಗೆ ಮುಚ್ಚುತ್ತದೆ. ಶಿಲೆಯ ಬಿರುಕು ಮಾತ್ರ ಕೂಡಿಕೊಳ್ಳದು. ಅಂಥ ಕ್ರೋಧ ಜೀವವನ್ನು ನರಕಗತಿಗೆ ಒಯ್ಯುತ್ತದೆ. ಬೋಸ್ನಿಯಾ ದೇಶದ ಮೊಸ್ತಾರ್ ನಗರವನ್ನು ನೋಡಿದ ದಿನ ಈ ಉಪಮೆ ನನ್ನ ಮನಸ್ಸಿನಿಂದ ಕದಲಲಿಲ್ಲ.

ಅಲ್ಲಿ ನೆರೆತ್ವಾ ನದಿಗೆ ಒಂದೇ ಕಮಾನಿನ ಕಲ್ಲಿನ ಸೇತುವೆಯಿದೆ. ತುರ್ಕರ ಆಳ್ವಿಕೆಯಲ್ಲಿ, 1566ರಲ್ಲಿ ಶಿಲ್ಪಿ ಹೈರುದ್ದೀನ್ ಅದನ್ನು ಪೂರ್ಣಗೊಳಿಸಿದನು. ನಗರದ ಹೆಸರೂ ಸೇತುವೆ ಕಾಯುವವರಿಂದಲೇ ಬಂದುದು. 427 ವರ್ಷ ನಿಂತಿದ್ದ ಆ ಕಮಾನು 1993ರ ನವೆಂಬರ್ 9ರಂದು ಬೋಸ್ನಿಯಾದ ಕ್ರೊಯೇಟ್ ಪಡೆಗಳ ಫಿರಂಗಿ ಗುಂಡುಗಳಿಗೆ ಕುಸಿದು ನದಿಗೆ ಬಿತ್ತು. ಅದರ ಹಿಂದಿನ ವರ್ಷವಷ್ಟೇ ಕ್ರೊಯೇಟರೂ ಬೋಸ್ನಿಯಾಕ್ ಮುಸ್ಲಿಮರೂ ಜೊತೆಗೂಡಿ ಸರ್ಬ್ ಪಡೆಗಳಿಂದ ಇದೇ ನಗರವನ್ನು ರಕ್ಷಿಸಿದ್ದರು! ಮಿತ್ರನು ಶತ್ರುವಾಗಲು ಒಂದು ವರ್ಷವೂ ಬೇಕಾಗಲಿಲ್ಲ.

ಯುದ್ಧಾನಂತರ ಹಂಗೇರಿ ಸೇನೆಯ ಮುಳುಗುಗಾರರು ನದಿಯ ತಳದಿಂದ ಕಲ್ಲುಗಳನ್ನು ಎತ್ತಿದರು. ಬಹುಪಾಲು ಮರುಬಳಕೆಗೆ ಯೋಗ್ಯವಾಗಿರಲಿಲ್ಲ. ಆದುದರಿಂದ ಸಮೀಪದ ಗಣಿಯಿಂದ ಅದೇ ಜಾತಿಯ ಬಿಳಿ ಶಿಲೆಯನ್ನು ತಂದು, ಪೂರ್ವದ ವಿಧಾನದಂತೆಯೇ ಕಬ್ಬಿಣದ ಕೊಂಡಿಗಳನ್ನಿಟ್ಟು, ಕರಗಿಸಿದ ಸೀಸವನ್ನೆರೆದು ಜೋಡಿಸಿದರು. 2004ರ ಜುಲೈ 23ರಂದು ಸೇತುವೆ ಪುನಃ ತೆರೆಯಿತು. ಮರುವರ್ಷ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಸೇತುವೆಯ ಬಳಿ ಇರಿಸಿರುವ ಕಲ್ಲೊಂದರ ಮೇಲೆ ‘93ನ್ನು ಮರೆಯಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಬಹಳ ಹೊತ್ತು ಅದರ ಮುಂದೆ ನಿಂತೆ. ಇದು ಶಿಲಾರೇಖೆಯ ಕ್ರೋಧವೇ? ಹಾಗೆಂದು ತೀರ್ಪು ಕೊಡಲು ಮನಸ್ಸು ಒಪ್ಪಲಿಲ್ಲ. ನಮ್ಮ ಪ್ರತಿಕ್ರಮಣವೂ ನೆನಪಿನ ಕ್ರಿಯೆಯೇ ಅಲ್ಲವೇ? ಆದರೆ ಅಲ್ಲಿ ನೆನೆಯುವುದು ನಾನು ಮಾಡಿದ ದೋಷವನ್ನು. ಪರರು ನನಗೆ ಮಾಡಿದ್ದನ್ನಲ್ಲ. ಆ ಕಲ್ಲನ್ನು ಓದುವವನು ಯಾರನ್ನು ನೆನೆಯುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದಶಲಕ್ಷಣ ಪರ್ವದ ಕೊನೆಗೆ ‘ಉತ್ತಮ ಕ್ಷಮಾ’ ಎನ್ನುವ ನಾವು ಕೂಡ, ಜಗಳವಿಲ್ಲದವರ ಬಳಿಗೆ ಮೊದಲು ಹೋಗುತ್ತೇವೆ!

ಶಿಕ್ಷಕನಾಗಿದ್ದವನಿಗೆ ಸೇತುವೆಗಿಂತ ಹೆಚ್ಚು ಕಾಡಿದ್ದು ಅಲ್ಲಿನ ಹಳೆಯ ಜಿಮ್ನೇಸಿಯಂ, ಎಂದರೆ ಪ್ರೌಢಶಾಲೆ. ಯುದ್ಧದಲ್ಲಿ ಜರ್ಜರಿತವಾಗಿದ್ದ ಆ ಕಟ್ಟಡವನ್ನು ದುರಸ್ತಿ ಮಾಡಲಾಗಿದೆ. 2004ರಿಂದ ಎರಡೂ ಸಮುದಾಯಗಳ ಶಾಲೆಗೆ ಒಂದೇ ಆಡಳಿತವಿದೆ. ಆದರೂ ಬೋಸ್ನಿಯಾಕ್ ಮತ್ತು ಕ್ರೊಯೇಟ್ ಮಕ್ಕಳಿಗೆ ಪಠ್ಯಕ್ರಮ ಬೇರೆ ಬೇರೆ. ಒಂದು ಕೋಣೆಯಲ್ಲಿ ಒಂದು ಇತಿಹಾಸ, ಇನ್ನೊಂದರಲ್ಲಿ ಇನ್ನೊಂದು. ಇದನ್ನು ಅನೇಕಾಂತವೆಂದು ಕರೆಯಲಾಗದು. ಇವು ಒಂದೇ ಸೂರಿನಡಿಯ ಎರಡು ಏಕಾಂತಗಳು. ಎದುರಿನವನ ದೃಷ್ಟಿಯೂ ನನ್ನದೇ ಚಿತ್ತದಲ್ಲಿ ಸ್ಥಳ ಪಡೆದಾಗಲೇ ಅನೇಕಾಂತ.

ಅದೇ ಕಟ್ಟಡದಲ್ಲಿ 2006ರಲ್ಲಿ ಅಂತರರಾಷ್ಟ್ರೀಯ ಕಾಲೇಜೊಂದು ಆರಂಭವಾಯಿತು. ಬೋಸ್ನಿಯಾಕ್, ಕ್ರೊಯೇಟ್, ಸರ್ಬ್ ಮಕ್ಕಳು ಪರದೇಶದ ವಿದ್ಯಾರ್ಥಿಗಳೊಡನೆ ಅಲ್ಲಿ ಒಂದೇ ತರಗತಿಯಲ್ಲಿ ಕುಳಿತು, ಒಂದೇ ಪಾಠವನ್ನು ಓದುತ್ತಾರೆ.