ತರಬೇತಿ ಸಂಸ್ಥೆಯ ವೇಳಾಪಟ್ಟಿ: ಯಂತ್ರ ಕಡಿಮೆಯೋ, ಯೋಜನೆ ಕಡಿಮೆಯೋ?

ಐಟಿಐ ಪ್ರಮಾಣಪತ್ರ ಪಡೆದು ಕೆಲಸಕ್ಕೆ ಬಂದ ಯುವಕನಿಗೆ ಲೇತ್ ಯಂತ್ರವನ್ನು ಸ್ವತಂತ್ರವಾಗಿ ನಡೆಸಲು ಬಾರದು ಎಂಬುದು ಸಣ್ಣ ಉದ್ದಿಮೆದಾರರ ಹಳೆಯ ದೂರು. ಯಂತ್ರಗಳು ಸಾಲವು, ಅನುದಾನ ಸಾಲದು ಎಂಬುದು ತರಬೇತಿ ಸಂಸ್ಥೆಗಳ ಉತ್ತರ. ಈ ಉತ್ತರದಲ್ಲಿ ಸತ್ಯಾಂಶ ಇರಬಹುದಾದರೂ ಹೊಸ ಯಂತ್ರಕ್ಕೆ ಬೇಡಿಕೆ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಇನ್ನೊಂದು ಸಂಗತಿಯಿದೆ. ಅದು ಸಂಸ್ಥೆಯ ಗೋಡೆಯ ಮೇಲೆ ತೂಗುವ ವೇಳಾಪಟ್ಟಿ.

ಲಭ್ಯವಿರುವ ಗಂಟೆಗಳು

ಟರ್ನರ್ ವೃತ್ತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಎರಡು ವರ್ಷಗಳ ತರಬೇತಿ. ಒಂದು ಘಟಕದಲ್ಲಿ 20 ವಿದ್ಯಾರ್ಥಿಗಳು. 2022ರಲ್ಲಿ ಪರಿಷ್ಕೃತವಾದ ಪಠ್ಯಕ್ರಮದಂತೆ ಮೊದಲ ವರ್ಷಕ್ಕೆ 840 ಗಂಟೆ ಪ್ರಾಯೋಗಿಕ ತರಬೇತಿ, 240 ಗಂಟೆ ವೃತ್ತಿ ಸಿದ್ಧಾಂತ ಮತ್ತು 120 ಗಂಟೆ ಉದ್ಯೋಗ ಕೌಶಲ, ಒಟ್ಟು 1,200 ಗಂಟೆಗಳು ನಿಗದಿಯಾಗಿವೆ. ರಜೆ ಮತ್ತು ಪರೀಕ್ಷೆಗಳನ್ನು ಕಳೆದು 40 ವಾರಗಳು ದೊರೆಯುತ್ತವೆ ಎಂದಿಟ್ಟುಕೊಂಡರೆ, ವಾರಕ್ಕೆ 21 ಗಂಟೆ ಪ್ರಾಯೋಗಿಕ, 6 ಗಂಟೆ ಸಿದ್ಧಾಂತ, 3 ಗಂಟೆ ಉದ್ಯೋಗ ಕೌಶಲ ಎಂದಾಗುತ್ತದೆ.

ಎರಡು ಘಟಕಗಳು, ಅಂದರೆ 40 ವಿದ್ಯಾರ್ಥಿಗಳು ಹಾಗೂ 10 ಲೇತ್‌ಗಳಿರುವ ಒಂದು ಸಂಸ್ಥೆಯನ್ನು ಊಹಿಸೋಣ. ವಾರದ 21 ಪ್ರಾಯೋಗಿಕ ಗಂಟೆಗಳಲ್ಲಿ 10 ಗಂಟೆ ಲೇತ್ ಮೇಲೆ, ಉಳಿದ 11 ಗಂಟೆ ಬೆಂಚ್ ಕೆಲಸ, ಅಳತೆ, ಉಪಕರಣ ಸಾಣೆ ಮುಂತಾದವುಗಳಿಗೆ ಎಂದು ಸಂಸ್ಥೆ ನಿರ್ಧರಿಸಿದೆ. ದಿನಕ್ಕೆ ಎರಡೂವರೆ ಗಂಟೆಯ 3 ಅವಧಿಗಳಂತೆ ವಾರದ 6 ದಿನಗಳಲ್ಲಿ 18 ಅವಧಿಗಳು ಲಭ್ಯ.

ಕಾಗದದ ಲೆಕ್ಕ, ಕಾರ್ಯಾಗಾರದ ಲೆಕ್ಕ

ರೂಢಿಯ ವೇಳಾಪಟ್ಟಿಯಲ್ಲಿ ಇಡೀ ಘಟಕವನ್ನು ಒಂದೇ ತರಗತಿಯಾಗಿ ಪರಿಗಣಿಸಲಾಗುತ್ತದೆ. ಪ್ರತಿ ಘಟಕಕ್ಕೆ ಲೇತ್ ವಿಭಾಗದಲ್ಲಿ 4 ಅವಧಿ, ಅಂದರೆ 10 ಗಂಟೆ. ಕಾಗದದ ಮೇಲೆ ಗುರಿ ತಲುಪಿದಂತಾಯಿತು. ಆದರೆ 20 ಮಂದಿ 10 ಯಂತ್ರಗಳ ಮುಂದೆ ನಿಂತಾಗ ಹತ್ತು ಮಂದಿ ಕೆಲಸ ಮಾಡುತ್ತಾರೆ, ಹತ್ತು ಮಂದಿ ನೋಡುತ್ತಾರೆ. ಪ್ರತಿಯೊಬ್ಬನ ಕೈಗೆ ಯಂತ್ರ ಸಿಗುವುದು ವಾರಕ್ಕೆ 5 ಗಂಟೆ ಮಾತ್ರ. ವರ್ಷದ ಕೊನೆಗೆ ದಾಖಲೆಯಲ್ಲಿ 400 ಗಂಟೆ, ಅನುಭವದಲ್ಲಿ 200 ಗಂಟೆ.

ಇದಕ್ಕಿಂತ ಗಮನಾರ್ಹವಾದುದು ಇನ್ನೊಂದಿದೆ. ಎರಡು ಘಟಕಗಳಿಂದ ಲೇತ್‌ಗಳು ಬಳಕೆಯಾದದ್ದು 18ರಲ್ಲಿ 8 ಅವಧಿಗಳಲ್ಲಿ ಮಾತ್ರ. ಉಳಿದ 10 ಅವಧಿಗಳಲ್ಲಿ ಅವು ಸುಮ್ಮನೆ ನಿಂತಿವೆ. ವಿದ್ಯಾರ್ಥಿ ಯಂತ್ರಕ್ಕಾಗಿ ಕಾಯುತ್ತಾನೆ, ಯಂತ್ರ ವಿದ್ಯಾರ್ಥಿಗಾಗಿ ಕಾಯುತ್ತದೆ. ಯಂತ್ರಗಳು ಸಾಲವು ಎಂಬ ದೂರು ಈ ಸ್ಥಿತಿಯಲ್ಲೇ ಹುಟ್ಟುತ್ತದೆ.

ಪ್ರತಿ ಘಟಕವನ್ನು ಹತ್ತು ಹತ್ತು ಮಂದಿಯ ಎರಡು ತಂಡಗಳಾಗಿ ಒಡೆದರೆ ಚಿತ್ರ ಬದಲಾಗುತ್ತದೆ. ನಾಲ್ಕು ತಂಡಗಳಿಗೆ ತಲಾ 4 ಅವಧಿಗಳಂತೆ 16 ಅವಧಿಗಳು ಬೇಕು. ಪ್ರತಿಯೊಬ್ಬನಿಗೂ ಒಂದು ಯಂತ್ರ, ವಾರಕ್ಕೆ ಪೂರ್ತಿ 10 ಗಂಟೆ. ಉಳಿಯುವ ಎರಡು ಅವಧಿಗಳನ್ನು ಯಂತ್ರಗಳ ನಿರ್ವಹಣೆಗೂ, ವಿದ್ಯುತ್ ಕಡಿತದಿಂದ ತಪ್ಪಿಹೋದ ಪಾಠಗಳಿಗೂ ಮೀಸಲಿಡಬಹುದು. ಒಂದು ಯಂತ್ರವನ್ನೂ ಕೊಳ್ಳದೆ ಪ್ರತ್ಯಕ್ಷ ಅಭ್ಯಾಸ ಇಮ್ಮಡಿಯಾಗುತ್ತದೆ.

ಅವಧಿಯ ಉದ್ದ

ಲೇತ್ ಕೆಲಸದಲ್ಲಿ ಉಪಕರಣ ಜೋಡಿಸುವುದು, ಕೆಲಸದ ತುಂಡನ್ನು ಚಕ್‌ನಲ್ಲಿ ಹಿಡಿಸುವುದು, ಕೊನೆಗೆ ಚೂರು ತೆಗೆದು ಶುಚಿಗೊಳಿಸುವುದು ಅನಿವಾರ್ಯ. ಇವುಗಳಿಗೆ ಅರ್ಧ ಗಂಟೆ ಬೇಕೆಂದಾದರೆ, ಒಂದು ಗಂಟೆಯ ಅವಧಿಯಲ್ಲಿ ಅರ್ಧದಷ್ಟು ಸಮಯ ಇದಕ್ಕೇ ಹೋಗುತ್ತದೆ. ಎರಡೂವರೆ ಗಂಟೆಯ ಅವಧಿಯಲ್ಲಿ ಹೋಗುವುದು ಐದನೇ ಒಂದು ಭಾಗ ಮಾತ್ರ. ಆದುದರಿಂದ ಯಂತ್ರದ ಕೆಲಸಕ್ಕೆ ದೀರ್ಘ ಅವಧಿ, ಸಿದ್ಧಾಂತ ಪಾಠಕ್ಕೆ ಕಿರು ಅವಧಿ ಎಂಬುದು ಉತ್ತಮ ನಿಯಮ. ಶಾಲೆಗಳ ಮಾದರಿಯಲ್ಲಿ ಎಲ್ಲ ಪಾಠಗಳಿಗೂ ಒಂದೇ ಗಂಟೆ ಬಾರಿಸುವ ಪದ್ಧತಿ ಕಾರ್ಯಾಗಾರಕ್ಕೆ ಒಗ್ಗದು.

ಬೋಧಕರ ಹೊರೆ

ತಂಡಗಳಾಗಿ ಒಡೆದಾಗ ಬೋಧಕರ ಹೊರೆ ಹೆಚ್ಚುತ್ತದೆ ಎಂಬ ಆಕ್ಷೇಪ ನ್ಯಾಯವಾದುದು. ಅದನ್ನೂ ಲೆಕ್ಕ ಹಾಕಬೇಕು. ಲೇತ್ ವಿಭಾಗಕ್ಕೆ 40 ಗಂಟೆ, ನಾಲ್ಕು ತಂಡಗಳ ಬೆಂಚ್ ಕೆಲಸಕ್ಕೆ ತಲಾ 11ರಂತೆ 44 ಗಂಟೆ, ಎರಡು ಘಟಕಗಳ ಸಿದ್ಧಾಂತಕ್ಕೆ 12 ಗಂಟೆ, ಒಟ್ಟು 96. ಇಬ್ಬರು ವೃತ್ತಿ ಬೋಧಕರಿಗೆ ತಲಾ 48 ಗಂಟೆ. ಇದು ಲಭ್ಯವಿರುವ 45 ಗಂಟೆಗಳನ್ನೇ ಮೀರುವುದರಿಂದ ಕಾರ್ಯಸಾಧ್ಯವಲ್ಲ.

ಆದರೆ ಬೆಂಚ್ ಕೆಲಸಕ್ಕೆ ಎರಡು ತಂಡಗಳನ್ನು ಒಟ್ಟುಗೂಡಿಸಲು ಅಡ್ಡಿಯಿಲ್ಲ. ವೈಸ್‌ಗಳು 20 ಇದ್ದರೆ ಸಾಕು. ಆಗ 44 ಗಂಟೆಗಳು 22 ಆಗುತ್ತವೆ, ಒಟ್ಟು 74ಕ್ಕೆ ಇಳಿಯುತ್ತದೆ, ಪ್ರತಿ ಬೋಧಕರಿಗೆ 37 ಗಂಟೆ. ಸಿದ್ಧತೆಗೂ ಮೌಲ್ಯಮಾಪನಕ್ಕೂ ಸಮಯ ಉಳಿಯುತ್ತದೆ. ಕೊರತೆಯಿರುವಲ್ಲಿ ತಂಡವನ್ನು ಒಡೆಯಬೇಕು, ಕೊರತೆಯಿಲ್ಲದಲ್ಲಿ ಕೂಡಿಸಬೇಕು. ಇಡೀ ಯೋಜನೆಯ ತತ್ತ್ವ ಇಷ್ಟೇ.

ಪಟ್ಟಿ ತುಂಬುವ ಕ್ರಮ

ವಿಷಯಗಳ ಹೆಸರನ್ನು ಅನುಕ್ರಮವಾಗಿ ಬರೆದು ತುಂಬುತ್ತ ಹೋಗುವುದು ಸಾಮಾನ್ಯ ರೂಢಿ. ಅದರ ಬದಲು ಅತ್ಯಂತ ವಿರಳವಾದುದನ್ನು ಮೊದಲು ಕೂರಿಸಬೇಕು. ಮೊದಲು ಲೇತ್ ಅವಧಿಗಳು; ಅನಂತರ ವಾರದಲ್ಲಿ ಕೆಲವೇ ದಿನ ಬರುವ ಅರೆಕಾಲಿಕ ಬೋಧಕರ ಪಾಠಗಳು; ಬಳಿಕ ಇಡೀ ಘಟಕ ಒಟ್ಟಿಗೆ ಕೂರಬೇಕಾದ ಸಿದ್ಧಾಂತ ಪಾಠಗಳು; ಕೊನೆಯಲ್ಲಿ ಬೆಂಚ್ ಕೆಲಸ. ಬಿಡುವು ಉಳಿದರೆ ಅದು ದಿನದ ಆರಂಭಕ್ಕೋ ಕೊನೆಗೋ ಬರಲಿ. ನಡುವೆ ಬಂದ ಬಿಡುವು ದೂರದ ಊರುಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗೆ ನಷ್ಟವೇ ಸರಿ. ಯಂತ್ರದ ಸುರಕ್ಷತಾ ಪಾಠ ಮಾತ್ರ ಯಾವ ತಂಡಕ್ಕೂ ಮೊದಲ ಲೇತ್ ಅವಧಿಗಿಂತ ಮುಂಚೆಯೇ ಮುಗಿದಿರಬೇಕು.

ಗಣಕಯಂತ್ರದ ತಂತ್ರಾಂಶಗಳು ಈ ಕೆಲಸಕ್ಕೆ ನೆರವಾಗುತ್ತವೆ. ಆದರೆ ವೇಳಾಪಟ್ಟಿಯ ಸಮಸ್ಯೆ ಗಣಿತದಲ್ಲಿ ಕಠಿಣವೆಂದು ಪರಿಗಣಿತವಾದ ವರ್ಗಕ್ಕೆ ಸೇರಿದ್ದೆಂದು ಈವನ್, ಇಟಾಯ್ ಮತ್ತು ಶಮೀರ್ ಎಂಬ ವಿದ್ವಾಂಸರು 1976ರಲ್ಲೇ ತೋರಿಸಿದ್ದಾರೆ. ನಿರ್ಬಂಧಗಳು ಹೆಚ್ಚಿದಂತೆ ಅತ್ಯುತ್ತಮ ಪರಿಹಾರವನ್ನು ಹುಡುಕುವುದು ಅತಿವೇಗದ ಗಣಕಯಂತ್ರಕ್ಕೂ ಭಾರವಾಗಬಹುದು. ತಂಡಗಳನ್ನು ಹೇಗೆ ಒಡೆಯಬೇಕೆಂಬ ನಿರ್ಧಾರವನ್ನು ಮನುಷ್ಯರೇ ಮಾಡಬೇಕು. ಎರಡು ಘಟಕಗಳ ಸಂಸ್ಥೆಗೆ ಒಂದು ದೊಡ್ಡ ಹಲಗೆಯೂ ನಾಲ್ಕು ಬಣ್ಣದ ಚೀಟಿಗಳೂ ಸಾಕು.

ಉದ್ಯಮದ ಪಾಲು

ಪರಿಷ್ಕೃತ ಪಠ್ಯಕ್ರಮವು ವರ್ಷಕ್ಕೆ 150 ಗಂಟೆಗಳ ಕಾರ್ಯಸ್ಥಳದ ತರಬೇತಿಯನ್ನು ಅಥವಾ ಗುಂಪು ಯೋಜನೆಯನ್ನು ಪ್ರತ್ಯೇಕವಾಗಿ ನಿಗದಿಪಡಿಸಿದೆ. 2016ರಲ್ಲಿ ಆರಂಭವಾದ ದ್ವಂದ್ವ ತರಬೇತಿ ವ್ಯವಸ್ಥೆಯಲ್ಲಿ ತರಬೇತಿಯ ಒಂದು ಭಾಗ ಕಾರ್ಖಾನೆಯಲ್ಲೇ ನಡೆಯುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಶಿಶಿಕ್ಷುಗಳನ್ನು ನೇಮಿಸಿಕೊಳ್ಳುವ ಅವಕಾಶವೂ ಇದೆ. ಒಂದು ತಂಡ ಕಾರ್ಖಾನೆಯಲ್ಲಿರುವಷ್ಟು ಕಾಲ ಸಂಸ್ಥೆಯ ಲೇತ್‌ಗಳು ಇತರ ತಂಡಗಳಿಗೆ ದೊರೆಯುತ್ತವೆ. ತಂಡಗಳು ಒಂದಾದ ಮೇಲೊಂದರಂತೆ ಹೋಗಿಬರುವ ದಿನಾಂಕಗಳನ್ನು ಉದ್ದಿಮೆದಾರರು ವರ್ಷಾರಂಭದಲ್ಲೇ ಸಂಸ್ಥೆಗೆ ತಿಳಿಸಿದರೆ ಇಬ್ಬರಿಗೂ ಅನುಕೂಲ. ನಡುವರ್ಷದಲ್ಲಿ ಬಂದ ಆಹ್ವಾನ ಸದುದ್ದೇಶದ್ದಾದರೂ ಸಿದ್ಧವಾದ ಪಟ್ಟಿಯನ್ನು ಕದಡುತ್ತದೆ.

ಸಂಸ್ಥೆಯ ಆಡಳಿತ ಮಂಡಳಿಯಲ್ಲಿರುವ ಉದ್ಯಮ ಪ್ರತಿನಿಧಿಗಳು ಮುಂದಿನ ಸಭೆಯಲ್ಲಿ ಎರಡು ಅಂಕಿಗಳನ್ನು ಕೇಳಬಹುದು. ವಾರದಲ್ಲಿ ಲೇತ್‌ಗಳು ಎಷ್ಟು ಅವಧಿ ಓಡುತ್ತವೆ? ಒಬ್ಬ ವಿದ್ಯಾರ್ಥಿಯ ಕೈಗೆ ಯಂತ್ರ ಎಷ್ಟು ಗಂಟೆ ಸಿಗುತ್ತದೆ? ಮೊದಲನೆಯದು 18ಕ್ಕೆ ಸಮೀಪವಿದ್ದೂ ಎರಡನೆಯದು ಕಡಿಮೆಯಿದ್ದರೆ ಯಂತ್ರ ಕೊಳ್ಳುವ ಪ್ರಸ್ತಾವಕ್ಕೆ ಬೆಂಬಲ ನೀಡಬೇಕು. ಎರಡೂ ಕಡಿಮೆಯಿದ್ದರೆ ಮೊದಲು ವೇಳಾಪಟ್ಟಿಯನ್ನು ತಿದ್ದಬೇಕು.